ಟಾಕೀಸು ಉಳಿಯಬೇಕಾದರೆ ಷೇರು ಹಾಕಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತನಾಡಿದ ಹಿರಿಯರು ಹಾಲಿನ ಗುಣಮಟ್ಟ, ಪಶು ಆಹಾರ, ಕಾಲುಬಾಯಿ ಜ್ವರದ ಲಸಿಕೆ ಎಲ್ಲದರ ಬಗ್ಗೆಯೂ ಚೆನ್ನಾಗಿ ತಿಳಿಸಿದರು. ನನಗೆ ಕೊಟ್ಟಿರುವ ವಿಷಯ 'ಸಹಕಾರ ಮತ್ತು ಗ್ರಾಮ ಜೀವನ' ಅಂತ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ಆರಂಬಕ್ಕೆ ಇಳಿದವನು. ದೊಡ್ಡ ವಿಷಯವನ್ನು ದೊಡ್ಡದಾಗಿ ಹೇಳೋಕೆ ಬರೋದಿಲ್ಲ. ಅದಕ್ಕೇ ಒಂದು ಸಣ್ಣ ವಿಷಯ ಹಿಡಿದುಕೊಂಡಿದ್ದೇನೆ. ಟಾಕೀಸಿನ ವಿಷಯ. ಹಾಲಿನ ಸಂಘದಲ್ಲಿ ಸಿನಿಮಾ ಮಾತು ಯಾಕಪ್ಪ ಅಂತ ನಗಬೇಡಿ, ಪೂರ್ತಿ ಕೇಳಿ.

ಹಿಂದಿನ ಮೂರು ಸಾಲಿನಲ್ಲಿ ಕೂತಿರುವವರು ದಯವಿಟ್ಟು ಒಂದು ಸಲ ಎದ್ದು ನಿಮ್ಮ ಕುರ್ಚಿ ನೋಡಿ. ಕಬ್ಬಿಣದ ಕಾಲು, ಮರದ ಹಲಗೆ, ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಆ ನಂಬರು ನಮ್ಮ ಸಂಘದ್ದಲ್ಲ. ಅವು ಒಂದು ಟಾಕೀಸಿನ ಕುರ್ಚಿಗಳು. ಯಾವ ಊರಿನ ಟಾಕೀಸು ಅಂತ ಹೇಳೋದಿಲ್ಲ, ಮಾಲೀಕರ ಮನೆಯವರಿಗೆ ನೋವಾಗುತ್ತೆ. ಹತ್ತು ವರ್ಷದ ಹಿಂದೆ ಆ ಟಾಕೀಸು ಮುಚ್ಚಿ ಸಾಮಾನು ಮಾರಿದಾಗ, ನಮ್ಮ ಸಭೆಗಳಿಗೆ ಕುರ್ಚಿ ಬೇಕಲ್ಲ ಅಂತ ನಾನೇ ಟ್ರ್ಯಾಕ್ಟರ್ ತಗೊಂಡು ಹೋಗಿದ್ದೆ. ಗುಜರಿ ಸಾಬರು ತೂಕದ ಮೇಲೆ ಕೇಳ್ತಾ ಇದ್ದರು, ನಾನು ಎಣಿಕೆಯ ಮೇಲೆ ಕೇಳಿದೆ. ಚೌಕಾಸಿ ಮಾಡಿ ಅರವತ್ತು ಕುರ್ಚಿ ತಂದೆ. ಆ ಸಲದ ಸಭೆಯಲ್ಲಿ ನನಗೆ ಚಪ್ಪಾಳೆ ಹೊಡೆದಿರಿ.

ಆದರೆ ಅವತ್ತು ಅಲ್ಲಿ ನಡೆದ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಟಾಕೀಸಿನ ಆಪರೇಟರ್, ವಯಸ್ಸಾದವರು, ಬಾಗಿಲ ಹತ್ತಿರ ನಿಂತಿದ್ದರು. ನಾವು ಕುರ್ಚಿ ಬಿಚ್ಚಿ ಹೊರಗೆ ಹಾಕ್ತಾ ಇದ್ದೆವು. ಅವರು ನನ್ನನ್ನು ಕರೆದು, "ಸಂಘಕ್ಕಾಪ್ಪ? ಒಳ್ಳೇದು, ಗುಜರಿಗೆ ಹೋಗೋದಕ್ಕಿಂತ ವಾಸಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಈ ಕುರ್ಚಿ ಮೇಲೆ ಕಡೇ ಸಲ ಕೂತಿದ್ದು ಯಾವಾಗ?" ಅಂದರು.

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಆರು ವರ್ಷ ಆಗಿತ್ತು. ಆರು ವರ್ಷದಲ್ಲಿ ಒಂದು ಟಿಕೆಟ್ಟು ತಗೊಳ್ಳದ ನಾನು ಟಾಕೀಸು ಮುಚ್ಚಿತು ಅಂತ ಕೇಳಿ "ಅಯ್ಯೋ ಪಾಪ" ಅಂದಿದ್ದೆ, ಮಾರನೇ ದಿನ ಕುರ್ಚಿಗೆ ಟ್ರ್ಯಾಕ್ಟರ್ ಹತ್ತಿದ್ದೆ. ಅವರಿಗೆ ಉತ್ತರ ಕೊಡೋಕೆ ಆಗಲಿಲ್ಲ. ಹತ್ತು ವರ್ಷದ ಮೇಲೆ ಇವತ್ತು ಈ ವೇದಿಕೆಯ ಮೇಲೆ ಕೊಡ್ತಾ ಇದ್ದೇನೆ.

ನಮ್ಮ ವಯಸ್ಸಿನವರಿಗೆ ಸಿನಿಮಾ ಅಂದರೆ ಮೊದಲು ಟೆಂಟು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹಳ್ಳಿ ಕಡೆ ಹುಟ್ಟಿ ಬೆಳೆದವರಿಗೆ ಇದು ಗೊತ್ತಿರುತ್ತೆ. ಸಂಜೆ ಆಗುತ್ತಲೇ ಟೆಂಟಿನ ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶ್ವರನ ಹಾಡು ಬರೋದು. ಗಾಳಿ ಆ ಕಡೆಯಿಂದ ಬೀಸಿದರೆ ಎರಡು ಮೈಲಿ ಆಚೆ ನಮ್ಮ ಹೊಲಕ್ಕೂ ಕೇಳೋದು. ಹಾಡು ಕೇಳಿತು ಅಂದರೆ ಗಡಿಯಾರ ಬೇಡ. ಅವ್ವ ಬೇಗ ಬೇಗ ಮುದ್ದೆ ತಿರುವೋಳು, ಅಪ್ಪ ದನ ಕಟ್ಟಿ ಬರೋನು. ಹುರಿದ ಕಡ್ಲೇಕಾಯಿ ಟವಲಿನಲ್ಲಿ ಕಟ್ಟಿಕೊಂಡು, ಲಾಟೀನು ಹಿಡಕೊಂಡು ನಡೆದೇ ಹೋಗ್ತಿದ್ವಿ. ಮುಂದೆ ನೆಲದ ಮೇಲೆ ಕೂರೋರಿಗೆ ಗಾಂಧಿ ಕ್ಲಾಸು, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಹೆಂಗಸರಿಗೆ ಬೇರೆ ಕಡೆ. ಮುಂದೆ ಕೂತೋರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರೋದು. ಒಂದೇ ಮಿಷಿನ್ನು ಇದ್ದದ್ದರಿಂದ ರೀಲು ಬದಲಾಯಿಸೋವಾಗೆಲ್ಲ ಲೈಟು ಹಾಕೋರು. ಒಂದು ಸಿನಿಮಾಕ್ಕೆ ಮೂರು ನಾಲ್ಕು ಇಂಟರ್‌ವೆಲ್. ನಮಗೆ ಅದೂ ಖುಷಿ, ಸೋಡಾ ಮಾರೋನಿಗೂ ಖುಷಿ.

ಇನ್ನೊಂದು ವಿಷಯ ಹೇಳಲೇಬೇಕು. ಆಗ ಎಷ್ಟೋ ಊರಿನ ಹೋಟ್ಲುಗಳಲ್ಲಿ ಲೋಟ ಬೇರೆ ಇತ್ತು, ದೇವಸ್ಥಾನದ ಮುಂದೆ ಗೆರೆ ಇತ್ತು. ಟೆಂಟಿನ ಮರಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಟಿಕೆಟ್ಟು ಇದ್ದೋನು ಸಿಕ್ಕಿದ ಕಡೆ ಕೂತ. ಪಕ್ಕದವನು ಯಾರು ಅಂತ ಕತ್ತಲಲ್ಲಿ ಯಾರು ಕೇಳ್ತಾರೆ? ಊರಿನ ಎಲ್ಲ ಜಾತಿಯವರು ಒಂದೇ ಕಡೆ ನೋಡಿಕೊಂಡು ಮೂರು ಗಂಟೆ ಒಟ್ಟಿಗೆ ಅತ್ತು ನಕ್ಕಿದ್ದನ್ನ ನಾನು ಮೊದಲು ನೋಡಿದ್ದು ಟೆಂಟಿನಲ್ಲಿ, ಆಮೇಲೆ ನಮ್ಮ ಸಂಘದಲ್ಲಿ. ಸಂಘದ ಕ್ಯಾನಿಗೆ ಬಿದ್ದ ಮೇಲೆ ಯಾರ ಮನೆ ಹಾಲು ಅಂತ ಬೇರೆ ಮಾಡೋಕೆ ಆಗಲ್ಲ, ನೋಡಿ.

ನಮ್ಮ ಜಿಲ್ಲೆಗೂ ಸಿನಿಮಾಕ್ಕೂ ಇರೋ ನಂಟು ಸಣ್ಣದಲ್ಲ. ಗುಬ್ಬಿ ವೀರಣ್ಣನವರು ನಮ್ಮ ಜಿಲ್ಲೆಯವರು. ನಾಟಕ ಕಂಪನಿ ಕಟ್ಟಿದ್ದಲ್ಲದೆ ಸಿನಿಮಾಗಳನ್ನೂ ತೆಗೆದರು. 1954ರಲ್ಲಿ ಬಂದ 'ಬೇಡರ ಕಣ್ಣಪ್ಪ' ಅವರ ಸಂಸ್ಥೆಯ ಚಿತ್ರ. ಡಾ. ರಾಜಕುಮಾರ್ ನಾಯಕರಾಗಿದ್ದು ಅದರಲ್ಲೇ. ಹಾಸ್ಯನಟ ನರಸಿಂಹರಾಜು ತಿಪಟೂರಿನವರು. ಇನ್ನು ನಮ್ಮ ನಾಲ್ಕು ತಾಲ್ಲೂಕಿನ ಮಾತಿಗೆ ಬಂದರೆ, ನಿರ್ದೇಶಕ ಸಿದ್ದಲಿಂಗಯ್ಯನವರು ಸಿರಾ ತಾಲ್ಲೂಕಿನ ತರೂರಿನವರು. ಮೈಸೂರಿನ ಸ್ಟುಡಿಯೋದಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದು ಮೇಲೆ ಬಂದವರು. 1969ರಲ್ಲಿ 'ಮೇಯರ್ ಮುತ್ತಣ್ಣ', 1972ರಲ್ಲಿ 'ಬಂಗಾರದ ಮನುಷ್ಯ', 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಮಾಡಿದರು. 2015ರಲ್ಲಿ ತೀರಿಕೊಂಡರು.

'ಬಂಗಾರದ ಮನುಷ್ಯ' ಟಿ.ಕೆ. ರಾಮರಾಯರ ಕಾದಂಬರಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದು ಬಂದಾಗ ನಾನು ಇನ್ನೂ ಹುಟ್ಟಿರಲಿಲ್ಲ. ಹದಿನೈದು ವರ್ಷ ಆದಮೇಲೆ ಗೀರುಬಿದ್ದ ಪ್ರಿಂಟು ನಮ್ಮ ಟೆಂಟಿಗೆ ಬಂದಾಗ ನೋಡಿದೆ. ಓದಿದ ಹುಡುಗ ಹಳ್ಳಿಗೆ ಬಂದು, ಅಕ್ಕನ ಸಂಸಾರ ಹೊತ್ತು, ಕಲ್ಲುಭೂಮಿಯನ್ನು ಹೊಲ ಮಾಡಿ, ಕೊನೆಗೆ ತಪ್ಪು ತಿಳಿವಳಿಕೆಯಿಂದ ನೊಂದು ಬರಿಗೈಲಿ ಊರು ಬಿಟ್ಟು ಹೋಗ್ತಾನೆ. ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಆರಂಬಕ್ಕೆ ಬಂದ ಹುಡುಗರ ಕಥೆಯನ್ನು ನಮ್ಮ ಹಿರಿಯರು ಈಗಲೂ ಹೇಳ್ತಾರೆ. ಮಳೆ ಇಲ್ಲದ ನಮ್ಮ ಸೀಮೆಯಲ್ಲಿ ಹುಟ್ಟಿದ ಮನುಷ್ಯ ಮಾಡಿದ ಸಿನಿಮಾ ಅದು. ಕಲ್ಲುಭೂಮಿ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥ ಸಿನಿಮಾವನ್ನು ಸಿದ್ದಲಿಂಗಯ್ಯನವರ ನೆಲದಲ್ಲೇ ನಮ್ಮ ಹೋಬಳಿಯ ಮಕ್ಕಳಿಗೆ ದೊಡ್ಡ ಪರದೆಯ ಮೇಲೆ ತೋರಿಸೋಣ ಅಂದರೆ ಇವತ್ತು ಜಾಗ ಇಲ್ಲ. ಟೆಂಟು ಇದ್ದ ಕಡೆ ಸೈಟು ಆಗಿದೆ. ಟಾಕೀಸಿನ ಕುರ್ಚಿ ನಮ್ಮ ಸಂಘದಲ್ಲಿದೆ.

ಯಾಕೆ ಹೀಗಾಯ್ತು? ಒಂದೇ ಕಾರಣ ಅಲ್ಲ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂತು. 1987ರಲ್ಲಿ ರಾಮಾಯಣ ಶುರುವಾದಾಗ ಟಿವಿ ಇರೋ ಮನೆಯ ಮುಂದೆ ಊರೇ ಸೇರಿತು. ಆಮೇಲೆ ವಿಡಿಯೋ ಕ್ಯಾಸೆಟ್ಟು, ಕೇಬಲ್ಲು, ಸಿ.ಡಿ., ಈಗ ಜೇಬಿನಲ್ಲಿ ಫೋನು. ಟಾಕೀಸಿನವರಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಮಿಷಿನ್ನಿನ ಬದಲಾವಣೆ. ಮೊದಲು ಸಿನಿಮಾ ಡಬ್ಬದಲ್ಲಿ ಬಸ್ಸಿನ ಮೇಲೆ ಬರೋದು. 35 ಮಿಲಿಮೀಟರ್ ಫಿಲ್ಮು, ಒಂದು ಸೆಕೆಂಡಿಗೆ 24 ಚಿತ್ರ, ಸಾವಿರ ಅಡಿ ರೀಲು ಅಂದರೆ ಹನ್ನೊಂದು ನಿಮಿಷ. ಇಂಗಾಲದ ಕಡ್ಡಿ ಉರಿಸಿ ಬೆಳಕು ಮಾಡೋರು. ಹಳೇ ಮಿಷಿನ್ನು ಕೆಟ್ಟರೆ ನಮ್ಮ ಪಂಪ್‌ಸೆಟ್ಟಿನ ಹಂಗೆ ಬಿಚ್ಚಿ ರಿಪೇರಿ ಮಾಡಬಹುದಾಗಿತ್ತು. 2005ರಿಂದ ಈಚೆಗೆ ಸಿನಿಮಾ ಉಪಗ್ರಹದ ಮೂಲಕ ಬರೋಕೆ ಶುರುವಾಯ್ತು. ಮುಂದಿನ ಹತ್ತು ವರ್ಷದೊಳಗೆ ಫಿಲ್ಮ್ ಪ್ರಿಂಟು ತೆಗೆಯೋದೇ ನಿಂತುಹೋಯ್ತು. ಹೊಸ ಮಿಷಿನ್ನಿಗೆ ದುಡ್ಡು ಹಾಕಲಾರದ ಸಣ್ಣ ಊರಿನ ಟಾಕೀಸಿಗೆ ಸಿನಿಮಾನೇ ಸಿಗದ ಹಂಗಾಯ್ತು. ಅದರ ಮೇಲೆ 2020ರ ಕೊರೊನಾ. ದೊಡ್ಡ ಊರಿನವರೂ ಉಳಿಸಿಕೊಳ್ಳಲಿಲ್ಲ. ಬೆಂಗಳೂರಿನ ಗಾಂಧಿನಗರದಲ್ಲಿ 1968ರಲ್ಲಿ ಶುರುವಾದ ಕಪಾಲಿ, ಸಾವಿರದ ಮೇಲೆ ಸೀಟು ಇದ್ದದ್ದು, 2017ರಲ್ಲಿ ಮುಚ್ಚಿತು. ಮೈಸೂರಿನ ಶಾಂತಲಾ 2020ರಲ್ಲಿ ಮುಚ್ಚಿತು. ಎರಡು ಕಡೆಯೂ ಜನ ಬಂದು ಹಳೇದನ್ನು ನೆನೆಸಿಕೊಂಡರು, ಫೋಟೋ ತೆಗೆದುಕೊಂಡರು. ಫೋಟೋದಿಂದ ಟಾಕೀಸು ಉಳಿಯಲಿಲ್ಲ.

ಕಟ್ಟಡ ಹೋದ ಹಂಗೇ ಸಿನಿಮಾನೂ ಹೋಗುತ್ತೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934ರಲ್ಲಿ ಬಂದದ್ದು. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಎಲ್ಲರದ್ದು ಅಂತ ಅಂದುಕೊಂಡದ್ದು ಕೊನೆಗೆ ಯಾರದ್ದೂ ಆಗಲಿಲ್ಲ.

ಇಲ್ಲಿಂದ ನನ್ನ ಮುಖ್ಯ ಮಾತು. ಉಳಿದ ಕಡೆ ಹೆಂಗೆ ಉಳೀತು ಅಂತ ನೋಡೋಣ. ಹಾಲಿನವರಾದ ನಮಗೆ ಹತ್ತಿರದ ಉದಾಹರಣೆ ಗುಜರಾತಿನದು. 1976ರಲ್ಲಿ 'ಮಂಥನ್' ಅಂತ ಒಂದು ಹಿಂದಿ ಸಿನಿಮಾ ಬಂತು. ಶ್ಯಾಮ್ ಬೆನಗಲ್ ಅವರದ್ದು. ನಮ್ಮ ಗಿರೀಶ್ ಕಾರ್ನಾಡರು ಅದರಲ್ಲಿ ದನದ ಡಾಕ್ಟರು. ಹಳ್ಳಿಗೆ ಬಂದು ಹಾಲಿನ ಸಂಘ ಕಟ್ಟೋಕೆ ಹೊರಡ್ತಾರೆ. ಖಾಸಗಿ ಡೈರಿಯವನು ಅಡ್ಡ ಬರ್ತಾನೆ, ಊರ ಮುಖಂಡ ಅಡ್ಡ ಬರ್ತಾನೆ, ಜಾತಿ ಅಡ್ಡ ಬರುತ್ತೆ. ಡಾಕ್ಟರನ್ನು ಎತ್ತಂಗಡಿ ಮಾಡಿಸಿದ ಮೇಲೂ ಊರ ದಲಿತ ಹುಡುಗ ಸಂಘವನ್ನು ಕೈಬಿಡೋದಿಲ್ಲ. ನಮ್ಮ ಸಂಘದ ಮೊದಲ ಎರಡು ವರ್ಷ ನೋಡಿದ ಹಿರಿಯರಿಗೆ ಆ ಕಥೆ ಹೊಸದಲ್ಲ ಅಂತ ಕಾಣುತ್ತೆ.

ಆ ಸಿನಿಮಾಕ್ಕೆ ದುಡ್ಡು ಹಾಕಿದ್ದು ಯಾರು ಗೊತ್ತಾ? ಸೇಟುಗಳಲ್ಲ. ಗುಜರಾತಿನ ಹಾಲಿನ ಸಂಘಗಳ 5 ಲಕ್ಷ ರೈತರು. ಒಬ್ಬೊಬ್ಬರು 2 ರೂಪಾಯಿ, ಒಟ್ಟು 10 ಲಕ್ಷ. ಕುರಿಯನ್ ಅವರು ಕೇಳಿದರು, ಹಾಲಿನ ದುಡ್ಡಿನಲ್ಲಿ ಎರಡು ರೂಪಾಯಿ ಬಿಟ್ಟುಕೊಟ್ಟರು. ಸಿನಿಮಾ ಬಿಡುಗಡೆ ಆದಾಗ ರೈತರು ಲಾರಿಗಳಲ್ಲಿ ತುಂಬಿಕೊಂಡು ಬಂದು ನೋಡಿದರು, ಯಾಕಂದರೆ ಅದು ಅವರ ಸಿನಿಮಾ. ಆಮೇಲೆ ಬೇರೆ ರಾಜ್ಯದ ಹಳ್ಳಿಗಳಲ್ಲಿ ಸಂಘ ಕಟ್ಟೋವಾಗಲೂ ಅದನ್ನು ತೋರಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಐವತ್ತು ವರ್ಷಕ್ಕೆ ಹತ್ತಿರ ಬಂದಾಗ ಅದರ ಫಿಲ್ಮೂ ಕೆಟ್ಟಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್‌ನವರು ಅದನ್ನು ಸರಿಮಾಡೋಕೆ ಕೈಹಾಕಿದಾಗ ಗುಜರಾತಿನ ಹಾಲು ಮಹಾಮಂಡಳ, ಅಂದರೆ ಅಮುಲ್‌ನವರು, ಮತ್ತೆ ಕೈಜೋಡಿಸಿದರು. ಚೆನ್ನೈ ಮತ್ತು ಇಟಲಿಯ ಲ್ಯಾಬುಗಳಲ್ಲಿ ಕೆಲಸ ನಡೆದು, 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಜೂನ್ ಮೊದಲ ವಾರ ವಿಶ್ವ ಹಾಲು ದಿನದ ಹೊತ್ತಿಗೆ ನಮ್ಮ ದೇಶದ ಟಾಕೀಸುಗಳಲ್ಲಿ ಮತ್ತೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆನಗಲ್ ಅವರು ತೀರಿಕೊಂಡರು. ತಮ್ಮ ಸಿನಿಮಾ ಹೊಸದಾಗಿ ಎದ್ದು ನಿಂತಿದ್ದನ್ನು ನೋಡಿ ಹೋದರು. 'ಸತಿ ಸುಲೋಚನ' ಹೋಯ್ತು, 'ಮಂಥನ್' ಉಳೀತು. ಒಂದು ಹಳೇದು ಒಂದು ಹೊಸದು ಅನ್ನೋದೂ ನಿಜವೇ. ಆದರೂ ಎರಡು ರೂಪಾಯಿ ಹಾಕಿದ ಮನೆಯವರಿಗೆ ನಮ್ಮದು ಅನ್ನೋದು ಮರೆತುಹೋಗಲಿಲ್ಲ, ಅದನ್ನು ನಾನು ದೊಡ್ಡದಾಗಿ ಕಾಣ್ತೀನಿ.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಿಕೆ ಬೆಳೆಯೋ ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ಊರವರು ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಮಾಡಿದರು. ಅದನ್ನೇ ನೀನಾಸಂ ಅಂತಾರೆ. ಕೆ.ವಿ. ಸುಬ್ಬಣ್ಣನವರು ಮುಂದೆ ನಿಂತರು. ಅವರೂ ತೋಟಗಾರರೇ. 1972ರಲ್ಲಿ ಶಿವರಾಮ ಕಾರಂತರ ಹೆಸರಿನಲ್ಲಿ ರಂಗಮಂದಿರ ಆಯ್ತು, 1973ರಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯ್ತು. ಬಂಗಾಳಿಯ 'ಪಥೇರ್ ಪಾಂಚಾಲಿ', ಜಪಾನಿನ 'ರಾಶೋಮನ್', ಇಟಲಿಯ 'ಬೈಸಿಕಲ್ ಥೀವ್ಸ್' ಇಂಥವನ್ನು ತರಿಸಿ ಹಳ್ಳಿ ಜನಕ್ಕೆ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗಲ್ಲ ಅಂತ ಪಟ್ಟಣದವರು ಅಂದಿದ್ದರೆ ಅದು ಅವರ ತಪ್ಪು. ಸೈಕಲ್ ಕಳೆದುಕೊಂಡ ಕೂಲಿಯವನ ಕಷ್ಟ ಹಳ್ಳಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ? 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ನಿಲ್ಲಲಿಲ್ಲ. ಒಬ್ಬ ಮಾಲೀಕನದ್ದಾಗಿದ್ದರೆ ಅವನ ಜೊತೆಗೇ ಮುಗಿಯೋದು. ಸಂಘದ್ದಾದ್ದರಿಂದ ಮುಂದುವರಿಯಿತು.

ಹೊರದೇಶದ್ದೂ ಒಂದು ಹೇಳಿಬಿಡ್ತೀನಿ. ಲಂಡನ್ನಿನ ಈಸ್ಟ್ ಫಿಂಚ್ಲಿ ಅನ್ನೋ ಕಡೆ ಫೀನಿಕ್ಸ್ ಅಂತ ಒಂದು ಹಳೇ ಟಾಕೀಸು, 1912ರಲ್ಲಿ ಶುರುವಾದದ್ದು. ಅದನ್ನು ಕೆಡವಿ ಆಫೀಸು ಕಟ್ಟೋ ಮಾತು ಬಂದಾಗ ಅಲ್ಲಿನ ಜನ ಹೋರಾಡಿ, 1985ರಲ್ಲಿ ಒಂದು ಟ್ರಸ್ಟು ಮಾಡಿಕೊಂಡು ಉಳಿಸಿಕೊಂಡರು. ಅವರಿಗೂ ಟಿವಿ ಇತ್ತು, ವಿಡಿಯೋ ಇತ್ತು. ಆದರೂ ಉಳೀತು.

ಈ ಮೂರರಲ್ಲೂ ಒಂದೇ ವಿಷಯ ಇದೆ. ಕಣ್ಣೀರು ಹಾಕಿದ ಕಡೆ ಯಾವುದೂ ಉಳಿದಿಲ್ಲ, ಷೇರು ಹಾಕಿದ ಕಡೆ ಉಳಿದಿದೆ. ಇದು ಸಿನಿಮಾದವರು ಕಂಡುಹಿಡಿದದ್ದಲ್ಲ, ನಮ್ಮದೇ ವಿದ್ಯೆ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗಿನಿಂದ ನಮ್ಮ ನಾಡಿಗೆ ಗೊತ್ತಿರೋದು. ಸಾಲಕ್ಕೆ ಸಂಘ ಮಾಡಿದೆವು, ಗೊಬ್ಬರಕ್ಕೆ ಮಾಡಿದೆವು, ಹಾಲಿಗೆ ಮಾಡಿದೆವು. ಒಟ್ಟಿಗೆ ಕೂತು ನಗೋಕೆ ಮಾತ್ರ ಮಾಡಲಿಲ್ಲ. ಅದನ್ನು ಒಬ್ಬ ಮಾಲೀಕನ ತಲೆ ಮೇಲೆ ಬಿಟ್ಟೆವು, ಅವನು ಸೋತಾಗ ಕುರ್ಚಿ ಎಣಿಸಿ ತಂದೆವು.

ಈಗ ನಾನು ಏನು ಹೇಳ್ತೀನಿ ಅಂದರೆ, ಮೊದಲನೆಯದಾಗಿ ಸಂಘದ ದುಡ್ಡಿಗೆ ಕೈಹಾಕಬಾರದು. ಇದನ್ನು ಗಟ್ಟಿಯಾಗಿ ಹೇಳ್ತಾ ಇದ್ದೇನೆ, ಯಾಕಂದರೆ ಇವತ್ತು ಬೆಳಿಗ್ಗೆಯೇ ಇಬ್ಬರು ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ಏನಪ್ಪ, ನಮ್ಮ ಬೋನಸ್ಸಲ್ಲಿ ಸಿನಿಮಾ ತೋರಿಸ್ತೀಯಾ?" ಅಂತ ಕೇಳಿದರು. ಅವರ ಭಯ ಸರಿ. ಹಾಲಿನ ಬಟವಾಡೆ, ಬೋನಸ್ಸು, ಕಟ್ಟಡ ನಿಧಿ, ಇವಕ್ಕೆ 1959ರ ಸಹಕಾರ ಕಾಯಿದೆ ಇದೆ, ನಮ್ಮ ಬೈಲಾ ಇದೆ. ಅದರಲ್ಲಿ ಸಿನಿಮಾಕ್ಕೆ ಜಾಗ ಇಲ್ಲ, ಇರಲೂಬಾರದು. ನಿರ್ದೇಶಕನಾಗಿ ಅಂಥ ಠರಾವು ಬಂದರೆ ಮೊದಲು ವಿರೋಧ ಮಾಡೋನು ನಾನೇ.

ಎರಡನೆಯದು, ಬೇರೆಯಾಗಿ ಒಂದು ಚಿತ್ರಸಂಘ ಮಾಡೋಣ. 1960ರ ಸಂಘಗಳ ನೋಂದಣಿ ಕಾಯಿದೆಯಲ್ಲಿ ಯುವಕ ಸಂಘ, ಮಹಿಳಾ ಸಮಾಜ ಮಾಡಿದ ಹಂಗೇ. ಮನೆಗೆ 100 ರೂಪಾಯಿ. ಹೆಚ್ಚು ಕೊಡ್ತೀನಿ ಅಂದರೂ ತಗೋಬಾರದು. ಒಬ್ಬ ಹತ್ತು ಸಾವಿರ ಕೊಟ್ಟರೆ ನಾಳೆ ಅವನೇ ಮಾಲೀಕ ಆಗ್ತಾನೆ, ನಾವು ಮತ್ತೆ ಗಿರಾಕಿಗಳಾಗ್ತೀವಿ. ಲೆಕ್ಕದ ಪುಸ್ತಕ ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘದವರ ಕೈಯಲ್ಲಿರಲಿ. ಅವರ ಲೆಕ್ಕ ನಮ್ಮದಕ್ಕಿಂತ ಶುದ್ಧ ಅಂತ ಎಲ್ಲರಿಗೂ ಗೊತ್ತಿದೆ.

ಮೂರನೆಯದು, ತಿಂಗಳಿಗೆ ಒಂದು ಸಂಜೆ ಈ ಸಭಾಂಗಣ ಕೇಳಿ ಪಡೆಯೋಣ. ಸಂಜೆ ಹಾಲು ಅಳೆದು ಕ್ಯಾನು ಹೋದ ಮೇಲೆ ಶುರು, ಹತ್ತು ಗಂಟೆಗೆ ಮುಗಿಯಬೇಕು, ಬೆಳಿಗ್ಗೆ ಮತ್ತೆ ಹಾಲು ಕರೀಬೇಕಲ್ಲ. ಹುಡುಗರು ಪೆನ್‌ಡ್ರೈವಿನಲ್ಲಿ ಕದ್ದ ಸಿನಿಮಾ ತರ್ತೀವಿ ಅಂತಾರೆ, ಅದು ಬೇಡ. ನೀರು ಬೆರೆಸಿದ ಹಾಲು ವಾಪಸು ಕಳಿಸೋ ನಾವು ಕದ್ದ ಸಿನಿಮಾ ತೋರಿಸಿದರೆ ಯಾವ ಬಾಯಲ್ಲಿ ಮಾತಾಡೋದು? ಸಿನಿಮಾದ ಹಕ್ಕು ಇರೋರಿಗೆ ಬರೆದು, ಕೇಳಿದ ಹಣ ಕಟ್ಟಿ, ಬೇಕಾದ ಅನುಮತಿ ತಗೊಂಡೇ ಮಾಡಬೇಕು. ತಡ ಆದರೂ ಪರವಾಗಿಲ್ಲ. ಮೊದಲನೇ ಸಿನಿಮಾ ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ'. ಎರಡನೆಯದು 'ಮಂಥನ್', ನಮ್ಮ ಮೇಷ್ಟ್ರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ತಾ ಹೋಗ್ತಾರೆ. ಪಾವಗಡದ ಕಡೆಯಿಂದ ಬಂದ ಸೊಸೆಯಂದಿರು ಇದ್ದಾರೆ, ಅವರಿಗಾಗಿ ಒಂದು ಒಳ್ಳೇ ತೆಲುಗು ಸಿನಿಮಾನೂ ಇರಲಿ. ಗಡಿ ಸೀಮೆಯವರು ನಾವು, ಎರಡೂ ಭಾಷೆಯ ಟೆಂಟು ನೋಡಿ ಬೆಳೆದವರು. ಮುಂದಿನ ಸಾಲು ಹೆಂಗಸರಿಗೆ ಮತ್ತು ವಯಸ್ಸಾದವರಿಗೆ. ನಮ್ಮ ತಾಯಂದಿರಲ್ಲಿ ಮದುವೆ ಆದಮೇಲೆ ಒಂದು ಸಲವೂ ಟಾಕೀಸಿನ ಬಾಗಿಲು ನೋಡದವರು ಇದ್ದಾರೆ. ಟೆಂಟು ಹೋದಾಗ ಗಂಡಸರು ಬಸ್ಸು ಹತ್ತಿ ಪೇಟೆಗೆ ಹೋದರು, ಹೆಂಗಸರು ಮನೆಯಲ್ಲೇ ಉಳಿದರು. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನಾಲ್ಕನೆಯದು ದೂರದ ಮಾತು. ನಾಲ್ಕು ತಾಲ್ಲೂಕಿನಲ್ಲಿ ಯಾವುದಾದರೂ ಮುಚ್ಚಿದ ಟಾಕೀಸಿನ ಗೋಡೆ ಇನ್ನೂ ಗಟ್ಟಿಯಾಗಿದ್ದರೆ, ಮಾಲೀಕರು ಒಪ್ಪಿದರೆ, ಅಕ್ಕಪಕ್ಕದ ಹಳ್ಳಿಗಳು ಸೇರಿ ಗುತ್ತಿಗೆಗೆ ಹಿಡಿಯೋ ಯೋಚನೆ ಮಾಡಬಹುದು. ಅಂದಾಜಿಗೆ ಒಂದು ಲೆಕ್ಕ ಹೇಳ್ತೀನಿ. 25 ಹಳ್ಳಿ, ಹಳ್ಳಿಗೆ 100 ಜನ, ಒಬ್ಬೊಬ್ಬರು ತಿಂಗಳಿಗೆ 50 ರೂಪಾಯಿಯ ಒಂದೇ ಒಂದು ಟಿಕೆಟ್ಟು. ತಿಂಗಳಿಗೆ 1,25,000 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ, ಅದೊಂದು ಅನುಕೂಲ. ಸಿನಿಮಾದವರ ಪಾಲು, ಕರೆಂಟು, ಸಂಬಳ, ಬಾಡಿಗೆ ಕಳೆದು ಉಳಿಯುತ್ತೋ ಇಲ್ಲವೋ ಅಂತ ಕಾಗದದ ಮೇಲೆ ಬರೆದು ನೋಡಬೇಕು. ಉಳಿಯಲ್ಲ ಅಂತ ಕಂಡರೆ ಕೈಬಿಡಬೇಕು. ಆದರೆ ಅದಕ್ಕೂ ಮೊದಲು ಆ 100 ಜನ ನಿಜವಾಗಿ ತಿಂಗಳಿಗೊಂದು ಸಲ ಬರ್ತಾರಾ ಅಂತ ಈ ಸಭಾಂಗಣದಲ್ಲೇ ಒಂದು ವರ್ಷ ಪರೀಕ್ಷೆ ಆಗಬೇಕು. ಹಸು ತರೋ ಮುಂಚೆ ಮೇವು ನೋಡಿಕೊಳ್ಳೋ ಹಂಗೆ.

ಸಿನಿಮಾದಿಂದ ಹುಡುಗರು ಕೆಡ್ತಾರೆ ಅಂತ ಕೆಲವರು ಅಂತಾರೆ. ಇರಬಹುದು. ಆದರೆ ಈಗ ರಾತ್ರಿ ಹನ್ನೊಂದರಲ್ಲಿ ಒಬ್ಬೊಬ್ಬನೇ ಮೂಲೆ ಹಿಡಿದು ಫೋನಿನಲ್ಲಿ ಏನು ನೋಡ್ತಾನೆ ಅಂತ ಯಾವ ಅಪ್ಪನಿಗೂ ಗೊತ್ತಿಲ್ಲ. ಟೆಂಟಿನಲ್ಲಿ ಅಪ್ಪ, ಅವ್ವ, ಅಜ್ಜಿ, ಮೇಷ್ಟ್ರು ಎಲ್ಲ ಪಕ್ಕದಲ್ಲೇ ಇರೋರು. ನೋಡೋದು ತಪ್ಪಿಸೋಕೆ ಆಗಲ್ಲ ಅಂದಮೇಲೆ ಒಟ್ಟಿಗೆ ಕೂತು ನೋಡೋದು ಮೇಲು.

ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರುವಾದಾಗ ಮೊದಲ ದಿನ ಬಂದ ಹಾಲು ಎರಡು ಕ್ಯಾನೂ ತುಂಬಲಿಲ್ಲ ಅಂತ ನಮ್ಮ ಹಿರಿಯರು ಹೇಳ್ತಾರೆ. ಇದು ನಡೆಯೋ ವ್ಯವಹಾರ ಅಲ್ಲ ಅಂದವರು ಆವತ್ತೂ ಇದ್ದರು. ಅವರ ಮನೆಯವರೂ ಇವತ್ತು ಹಾಲು ಹಾಕ್ತಾ ಇದ್ದಾರೆ, ಈ ಸಭೆಯಲ್ಲಿ ಕೂತಿದ್ದಾರೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲನೇ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ 100 ರೂಪಾಯಿ ಬರೆದಿದ್ದೇನೆ. ಎರಡನೇ ಸಾಲು ಖಾಲಿ ಬಿಟ್ಟಿದ್ದೇನೆ. ಆ ಆಪರೇಟರ್ ಅಣ್ಣನವರು ಇನ್ನೂ ಇದ್ದಾರೆ. ಕಣ್ಣು ಮಂಜಾಗಿದೆ, ಆದರೆ ಮಾತು ಗಟ್ಟಿಯಾಗಿದೆ. ಈ ತಿಂಗಳು ಹೋಗಿ ಅವರನ್ನು ಕಂಡು, ನಮ್ಮ ಮೊದಲನೇ ಸಿನಿಮಾದ ದಿನ ನೀವೇ ಬಂದು ಸ್ವಿಚ್ಚು ಹಾಕಬೇಕು ಅಂತ ಕೇಳ್ತೀನಿ. ಬರ್ತೀನಿ ಅಂದರೆ ಅವರ ಟಾಕೀಸಿನ ಕುರ್ಚಿಯಲ್ಲೇ ಅವರನ್ನು ಕೂರಿಸೋಣ. ಆದರೆ ಉಳಿದ ಐವತ್ತೊಂಬತ್ತು ಕುರ್ಚಿ ಅವತ್ತು ಖಾಲಿ ಇರಬಾರದು. ಅದು ನಿಮ್ಮ ಕೈಯಲ್ಲಿದೆ.

 

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.